ಹಲ್ಲು ಕಚ್ಚಿಕೊಂಡು ಕಳೆದ ಸುಗ್ಗಿ: ದವಡೆ ನೋವಿಗೂ ಮನಸ್ಸಿನ ಒತ್ತಡಕ್ಕೂ ಇರುವ ನಂಟು

ಕಣದಲ್ಲಿ ಹರಡಿದ್ದ ಕಾಫಿಯ ಮೇಲೆ ಜನವರಿ ತಿಂಗಳಿನಲ್ಲಿ ಮಳೆ ಸುರಿದ ವರ್ಷ ನನ್ನ ಬಲದವಡೆ ನೋಯತೊಡಗಿತು. ಸಕಲೇಶಪುರದ ಕಡೆಯ ಸಣ್ಣ ಬೆಳೆಗಾರರಿಗೆ ಆ ದೃಶ್ಯವನ್ನು ವಿವರಿಸಬೇಕಿಲ್ಲ: ನಾಲ್ಕು ಗಂಟೆಗೆ ಮೋಡ, ಐದಕ್ಕೆ ಟಾರ್ಪಾಲಿನ ಹುಡುಕಾಟ, ಆರಕ್ಕೆ ಅರೆ ಒಣಗಿದ ಚೆರಿ ನೀರಿನಲ್ಲಿ ತೇಲುವುದು. ಕೊಯ್ಲಿಗೆ ಆಳು ಸಿಗದ ಚಿಂತೆ, ಸಾಲದ ಕಂತು, ರಾತ್ರಿಯಾದರೆ ಆನೆ ಎಲ್ಲಿದೆ ಎಂಬ ವಾಟ್ಸಾಪ್ ಸಂದೇಶ ಇವೆಲ್ಲ ಅದರ ಮೇಲೆ. ಇವಕ್ಕೂ ನನ್ನ ದವಡೆಗೂ ಸಂಬಂಧವಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಗಲು ಬಾಯಿ ತೆರೆಯುವುದೇ ಕಷ್ಟವಾಗಿತ್ತೆಂಬುದು ಬೇರೆ ಮಾತು.

ಹಲ್ಲು ನೋವೆಂದೇ ತಿಳಿದು ದಂತವೈದ್ಯರೊಬ್ಬರ ಬಳಿ ಹೋದೆ. ಹಿಂದಿನ ಹಲ್ಲೊಂದಕ್ಕೆ ರೂಟ್ ಕೆನಾಲ್ ಆಯಿತು. ಹಣ ಹೋಯಿತು, ನೋವು ಹೋಗಲಿಲ್ಲ. ಆಮೇಲೆ ಕಿವಿಯೊಳಗೆ ಗುಂಯ್ ಎನ್ನತೊಡಗಿತು. ಕಿವಿಯ ವೈದ್ಯರು ಬ್ಯಾಟರಿ ಬಿಟ್ಟು ನೋಡಿ ಕಿವಿ ಚೊಕ್ಕವಾಗಿದೆ ಎಂದರು. ಮೂರನೆಯ ಸಲ ಹಾಸನದಲ್ಲಿ ಕಂಡ ದಂತವೈದ್ಯೆ ಬಾಯಿ ತೆರೆಸುವ ಮೊದಲೇ ಎರಡೂ ಕೆನ್ನೆಗಳ ಮೇಲೆ ಬೆರಳಿಟ್ಟು ಒತ್ತಿದರು. ಬಲಗಡೆ ಒತ್ತಿದಾಗ ನೋವು ನೆಟ್ಟಗೆ ಹೋಗಿ ಆ ರೂಟ್ ಕೆನಾಲ್ ಆದ ಹಲ್ಲಿಗೇ ತಾಗಿತು.

“ಈಗ ನಿಮ್ಮ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ತಾಗಿವೆಯೇ?” ಎಂದು ಕೇಳಿದರು.

ತಾಗಿದ್ದವು. “ತಾಗಿರಬೇಕಲ್ಲವೇ?” ಎಂದೆ.

“ತಾಗಿರಬಾರದು” ಎಂದರು.

ಐವತ್ತು ವರ್ಷ ದಾಟಿದ ಮೇಲೆ ನನಗೆ ಗೊತ್ತಾದ ಸಂಗತಿ ಇದು. ಬಾಯಿ ಮುಚ್ಚಿಕೊಂಡು ಸುಮ್ಮನೆ ಕುಳಿತಾಗ ತುಟಿಗಳು ಕೂಡಿರಬೇಕು, ಹಲ್ಲಿನ ಸಾಲುಗಳು ಬಿಟ್ಟಿರಬೇಕು. ನಡುವೆ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರಿನಷ್ಟು ಸಂದು ಇರುತ್ತದೆ. ನಾಲಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಅಂಗುಳಿಗೆ ಮೆಲ್ಲಗೆ ಆನಿಕೊಂಡಿರುತ್ತದೆ. ಹಲ್ಲಿಗೆ ಹಲ್ಲು ತಾಗುವುದು ಅಗಿಯುವಾಗ ಮತ್ತು ನುಂಗುವಾಗ, ಅದೂ ಕ್ಷಣಕಾಲ. ಆ ಕ್ಷಣಗಳನ್ನೆಲ್ಲ ಕೂಡಿಸಿದರೂ ದಿನಕ್ಕೆ ಅರ್ಧ ಗಂಟೆ ಆಗುವುದಿಲ್ಲ. ಉಳಿದ ಹೊತ್ತೆಲ್ಲ ದವಡೆಗೆ ರಜೆ. ನಾನು ಆ ರಜೆಯನ್ನೇ ಕೊಟ್ಟಿರಲಿಲ್ಲ.

ನಂಟು ಅರ್ಥವಾಗಬೇಕಾದರೆ ಮೊದಲು ಯಂತ್ರವನ್ನು ನೋಡಬೇಕು. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿಯಲ್ಲಿ ಗುಂಡಗಿನದೊಂದು ಮುಂದೆ ಸರಿದು ಹಿಂದೆ ಬರುತ್ತದೆಯಲ್ಲ, ಅದು ಕೆಳದವಡೆಯ ತಲೆ. ಬಾಗಿಲಿನ ತಿರುಗಣಿಯ ಹಾಗೆ ಅದು ಮೊದಲು ತಿರುಗುತ್ತದೆ. ಬಾಯಿ ಇನ್ನೂ ಅಗಲವಾದಾಗ ಗೂಡಿನಿಂದ ಮುಂದಕ್ಕೆ ಜಾರುತ್ತದೆ. ತಿರುಗುವುದೂ ಜಾರುವುದೂ ಒಂದೇ ಕೀಲಿನಲ್ಲಿ. ಜೊತೆಗೆ ಎಡ, ಬಲ ಎರಡೂ ಕೀಲುಗಳು ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದು ಹಟ ಹಿಡಿದರೆ ಇನ್ನೊಂದು ಸುಮ್ಮನಿರಲಾರದು. ತಲೆಬುರುಡೆಗೂ ದವಡೆಯ ತಲೆಗೂ ನಡುವೆ ಮೆತ್ತನೆಯ ತೆಳು ಬಿಲ್ಲೆಯೊಂದಿದೆ. ಬಾಯಿ ತೆರೆಯುವಾಗ ಕೆಲವರಿಗೆ ಕೇಳಿಸುವ ‘ಟಕ್’ ಸದ್ದು ಹೆಚ್ಚಾಗಿ ಈ ಬಿಲ್ಲೆ ಮುಂದೆ ಸರಿದಿದ್ದು ಮತ್ತೆ ತನ್ನ ಜಾಗಕ್ಕೆ ಕೂರುವ ಸದ್ದು. ನೋವಿಲ್ಲದೆ ಬರೀ ಸದ್ದಿದ್ದರೆ ಚಿಕಿತ್ಸೆ ಬೇಕಿಲ್ಲ. ಅಂಥ ಸದ್ದು ಬಹಳ ಜನರಲ್ಲಿದೆ.

ಇನ್ನು ಸ್ನಾಯುಗಳು. ಕೆನ್ನೆಯ ಹಿಂಭಾಗದಲ್ಲಿ, ದವಡೆಯ ಮೂಲೆಗೆ ಬೆರಳಿಟ್ಟು ಹಲ್ಲು ಕಚ್ಚಿ. ಗಟ್ಟಿಯಾಗಿ ಉಬ್ಬುವುದು ಮಾಸೆಟರ್. ಕಣತಲೆಯ ಮೇಲೆ ಬೆರಳಿಟ್ಟು ಕಚ್ಚಿದರೆ ಅಲ್ಲಿಯೂ ಒಂದು ಮಿಸುಕುತ್ತದೆ. ಬೀಸಣಿಗೆಯಂತೆ ತಲೆಯ ಪಕ್ಕಕ್ಕೆ ಹರಡಿಕೊಂಡಿರುವ ಟೆಂಪೊರಾಲಿಸ್ ಅದು. ಸಂಜೆಯಾದರೆ ಕಣತಲೆ ಸಿಡಿಯುತ್ತದೆ ಎನ್ನುವವರಲ್ಲಿ ಎಷ್ಟೋ ಮಂದಿ ಇಡೀ ದಿನ ಈ ಸ್ನಾಯುವನ್ನು ದುಡಿಸಿರುತ್ತಾರೆ. ಒಳಗಡೆ ಇನ್ನೂ ಎರಡು ಜೊತೆ ಸ್ನಾಯುಗಳಿವೆ. ಇವೆಲ್ಲಕ್ಕೂ ಆಜ್ಞೆ ತರುವುದು ಟ್ರೈಜೆಮಿನಲ್ ಎಂಬ ಒಂದೇ ನರ. ಹಲ್ಲು, ಒಸಡು, ಕೆನ್ನೆ, ಹಣೆ ಇವುಗಳ ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದೂ ಅದೇ ನರ. ಒಂದೇ ತಂತಿಯಲ್ಲಿ ಹಲವು ಮನೆಗಳ ಸುದ್ದಿ ಬರುವುದರಿಂದ ಕೂಗು ಯಾವ ಮನೆಯದೆಂದು ಮಿದುಳಿಗೆ ಗೊಂದಲವಾಗುತ್ತದೆ. ಮಾಸೆಟರ್ ನೊಂದರೆ ಹಿಂದಿನ ಹಲ್ಲು ನೊಂದಂತೆ, ಕಿವಿ ಕಟ್ಟಿದಂತೆ ಅನ್ನಿಸುವುದು ಹೀಗೆ. ನನ್ನ ನಿರಪರಾಧಿ ಹಲ್ಲಿಗೆ ಶಿಕ್ಷೆಯಾದದ್ದೂ ಹೀಗೆಯೇ.

ಒತ್ತಡ ಇಲ್ಲಿಗೆ ಹೇಗೆ ಬಂದು ಸೇರುತ್ತದೆ? ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತಿದೆ. ಸಿಟ್ಟಾದವನು ಹಲ್ಲು ಕಡಿಯುತ್ತಾನೆ, ಹಗೆಯಿಟ್ಟುಕೊಂಡವನು ಹಲ್ಲು ಮಸೆಯುತ್ತಾನೆ, ನೋವನ್ನೋ ಅವಮಾನವನ್ನೋ ತಡೆದುಕೊಳ್ಳುವವನು ಅವುಡುಗಚ್ಚುತ್ತಾನೆ. ಅವುಡೆಂದರೆ ದವಡೆ. ಸಿಟ್ಟನ್ನು ತೋರಿಸಿದರೂ ಅಡಗಿಸಿಕೊಂಡರೂ ಕೆಲಸ ಬೀಳುವುದು ಅದೇ ಸ್ನಾಯುಗಳಿಗೆ. ನಮ್ಮಲ್ಲಿ ಅಡಗಿಸಿಕೊಳ್ಳುವುದೇ ಹೆಚ್ಚು. ಆಳುಗಳ ಎದುರು ಬೈಯುವಂತಿಲ್ಲ, ನಾಳೆ ಅವರು ಬಾರದಿದ್ದರೆ? ಬ್ಯಾಂಕಿನವರಿಗೆ ಎದುರಾಡುವಂತಿಲ್ಲ. ಮನೆಯಲ್ಲಿ ಹೇಳಿದರೆ ಅವರಿಗೂ ನಿದ್ದೆ ಕೆಡುತ್ತದೆ. ಹೀಗೆ ನುಂಗಿಕೊಂಡ ಮಾತುಗಳ ಲೆಕ್ಕ ಎಲ್ಲೋ ಒಂದು ಕಡೆ ಬರೆದಾಗುತ್ತಿರುತ್ತದೆ.

ದೇಹದ ಭಾಷೆಯಲ್ಲಿ ಹೇಳುವುದಾದರೆ, ಬೆದರಿಕೆ ಕಂಡಾಗ ಮಿದುಳು ಇಡೀ ಮೈಯನ್ನು ಹೋರಾಟಕ್ಕೆ ಅಣಿಗೊಳಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಒತ್ತಡ ಮುಂದುವರಿದರೆ ಕಾರ್ಟಿಸಾಲ್ ಕೂಡ ಏರಿಯೇ ಇರುತ್ತದೆ. ಭಯ, ಕೋಪಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗಗಳಿಂದ ದವಡೆಯನ್ನು ನಡೆಸುವ ನರಕೇಂದ್ರಕ್ಕೆ ದಾರಿಗಳಿವೆ. ಆನೆ ಎದುರಿಗೇ ಬಂದರೆ ಈ ಏರ್ಪಾಡು ಉಪಯೋಗಕ್ಕೆ ಬರುತ್ತದೆ: ಓಡುತ್ತೇವೆ, ಕೂಗುತ್ತೇವೆ, ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಸಾಲದ ಕಂತು ಹಾಗೆ ಮುಗಿಯುವುದಿಲ್ಲ. ಅದು ಮೂರು ತಿಂಗಳು ಎದುರಿಗೇ ನಿಂತಿರುತ್ತದೆ, ದವಡೆಯೂ ಮೂರು ತಿಂಗಳು ಅಣಿಯಾಗಿಯೇ ನಿಂತಿರುತ್ತದೆ.

ಇಲ್ಲಿ ನನಗೆ ಅಚ್ಚರಿ ತಂದ ಒಂದು ಸಂಗತಿಯಿದೆ. ನೋವು ಬರಬೇಕಾದರೆ ಗಟ್ಟಿಯಾಗಿ ಕಚ್ಚಬೇಕೆಂದೇ ನಾನು ತಿಳಿದಿದ್ದೆ. ಹಾಗೇನೂ ಇಲ್ಲ. ಆರೋಗ್ಯವಂತರಿಗೆ ದಿನವೂ ಸ್ವಲ್ಪ ಹೊತ್ತು ಹಗುರವಾಗಿ ಹಲ್ಲು ಕಚ್ಚಿಕೊಂಡಿರಲು ಹೇಳಿ ಸಂಶೋಧಕರು ಪ್ರಯೋಗ ಮಾಡಿದ್ದಾರೆ; ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರಿಗೆ ರೋಗಿಗಳಂಥದೇ ದವಡೆ ನೋವು ಕಾಣಿಸಿಕೊಂಡಿತು. ತುಂಬಿದ ಚೀಲವನ್ನು ಒಮ್ಮೆ ಎತ್ತಿ ಇಳಿಸಿದರೆ ತೋಳಿಗೆ ಏನೂ ಆಗುವುದಿಲ್ಲ, ಖಾಲಿ ಚೊಂಬನ್ನೇ ಗಂಟೆಗಟ್ಟಲೆ ಚಾಚಿ ಹಿಡಿದರೆ ತೋಳು ಬಿದ್ದುಹೋಗುತ್ತದೆ. ಹಗಲಿನ ಕಚ್ಚುವಿಕೆ ಆ ಚೊಂಬು. ಕಂಪ್ಯೂಟರ್ ಮುಂದೆ, ಶಿರಾಡಿ ಘಾಟಿಯ ತಿರುವುಗಳಲ್ಲಿ ವಾಹನ ಓಡಿಸುವಾಗ, ಮೊಬೈಲಿನಲ್ಲಿ ಕಾಫಿ ದರ ನೋಡುವಾಗ ಹಲ್ಲು ಕೂಡಿರುವುದು ನಮಗೆ ತಿಳಿಯುವುದೂ ಇಲ್ಲ.

ರಾತ್ರಿಯ ಕಥೆ ಬೇರೆ. ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನೂ ಹಗಲಿನಲ್ಲಿ ಕಚ್ಚಿಕೊಳ್ಳುವುದನ್ನೂ ವೈದ್ಯರು ಬ್ರಕ್ಸಿಸಂ ಎಂಬ ಒಂದೇ ಹೆಸರಿನಿಂದ ಕರೆದರೂ ಎರಡನ್ನೂ ಬೇರೆಬೇರೆಯಾಗಿಯೇ ನೋಡುತ್ತಾರೆ. ಆತಂಕದೊಂದಿಗೆ ಹತ್ತಿರದ ನಂಟಿರುವುದು ಹಗಲಿನದಕ್ಕೆ. ರಾತ್ರಿಯದು ಹೆಚ್ಚಾಗಿ ನಿದ್ದೆ ಅರೆಕ್ಷಣ ತಿಳಿಯಾಗುವ ಹೊತ್ತಿನಲ್ಲಿ ಬರುತ್ತದೆ: ಮೊದಲು ಎದೆಬಡಿತ ಏರುತ್ತದೆ, ಹಿಂದೆಯೇ ದವಡೆ ತಾಳ ಹಾಕಿದಂತೆ ಕಡಿಯತೊಡಗುತ್ತದೆ. ಬೀಸುಕಲ್ಲಿಗೆ ಕಾಳು ಹಾಕದೆ ಬೀಸಿದಂತೆ, ಸವೆಯುವುದು ಕಲ್ಲೇ. ಕಡಿಯುವವನಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತು. ನನ್ನ ಹೆಂಡತಿ ಎರಡು ವರ್ಷ ಹೇಳಿದ್ದಳು, ನಾನು ಇಲಿ ಇರಬೇಕೆಂದು ವಾದಿಸಿದ್ದೆ.

ಒತ್ತಡ ನಿದ್ದೆಯನ್ನು ತೆಳುವಾಗಿಸುವುದರಿಂದ ಇಲ್ಲಿಯೂ ಅದರ ಕೈವಾಡ ಇರಬಹುದು, ಆದರೆ ಬೇರೆ ಕಾರಣಗಳನ್ನೂ ನೋಡಬೇಕು. ಮದ್ಯ, ಸಿಗರೇಟು ಇದನ್ನು ಹೆಚ್ಚಿಸುತ್ತವೆ. ಗೊರಕೆ ಹೊಡೆಯುತ್ತ ಉಸಿರು ನಿಂತು ನಿಂತು ಬರುವವರಲ್ಲಿಯೂ ಇದು ಕಾಣುತ್ತದೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಲಿನ್ ಬಗೆಯ ಮಾತ್ರೆಗಳಿಂದ ಕೆಲವರಿಗೆ ಹಲ್ಲು ಕಡಿಯುವುದು ಶುರುವಾಗುತ್ತದೆ. ಹಾಗಾದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಕೊಟ್ಟ ವೈದ್ಯರಿಗೆ ಹೇಳಿ. ಮತ್ತು ಕಾಫಿ. ಬೆಳೆಯುವವನು ಹೇಳಬಾರದ ಮಾತು, ಆದರೂ ಹೇಳುತ್ತೇನೆ: ವಿಪರೀತ ಕಾಫಿ ಕುಡಿಯುವವರಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವುದು ಹೆಚ್ಚು. ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆಯಾದರೂ ಸಾಮಾನ್ಯವಾಗಿ ಮೈಯಲ್ಲೇ ಇರುತ್ತದೆ. ಸಂಜೆ ಆರರ ಲೋಟ ರಾತ್ರಿ ಹನ್ನೊಂದಕ್ಕೂ ಅರ್ಧ ತುಂಬಿರುತ್ತದೆ ಎಂದಾಯಿತು.

ಸ್ನಾಯು ಮತ್ತು ನಿದ್ದೆಯಾದ ಮೇಲೆ ಮೂರನೆಯ ದಾರಿ ನರವ್ಯೂಹದ್ದೇ. ಊರಹಬ್ಬದ ಮೈಕಿನಲ್ಲಿ ಯಾರೋ ಧ್ವನಿಯ ಗುಂಡಿಯನ್ನು ತಿರುಗಿಸಿಬಿಟ್ಟರೆ ಪಿಸುಮಾತೂ ಗುಡುಗಾಗುತ್ತದೆಯಲ್ಲ, ತಿಂಗಳುಗಟ್ಟಲೆ ನೋವು, ನಿದ್ದೆಗೇಡು, ಆತಂಕ ಸೇರಿದರೆ ನೋವಿನ ನರಗಳಲ್ಲಿ ಅದೇ ಆಗುತ್ತದೆ. ಮೊದಲು ಬರೀ ದಣಿವೆನಿಸುತ್ತಿದ್ದದ್ದು ಈಗ ನೋವೆನಿಸುತ್ತದೆ. ಸ್ನಾಯುವಿಗೆ ಆದ ಪೆಟ್ಟು ಅಷ್ಟೇ ಇರಬಹುದು, ಅದರ ಸದ್ದು ದೊಡ್ಡದಾಗಿರುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಸಿಡುಕು, ಸಿಡುಕಿದರೆ ಮತ್ತೆ ಹಲ್ಲು ಕಚ್ಚುವುದು. ನಡುವೆ ‘ಇದು ಕ್ಯಾನ್ಸರ್ ಇರಬಹುದೇ’ ಎಂಬ ಹೆದರಿಕೆಯೂ ಸೇರಿಕೊಂಡರೆ ಕೇಳುವುದೇ ಬೇಡ.

ಹೀಗಾಗಿ ‘ನಿಮಗೇನೂ ಆಗಿಲ್ಲ, ಟೆನ್ಷನ್ ಅಷ್ಟೆ’ ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಒತ್ತಡದಿಂದ ಬಂದ ನೋವೆಂದರೆ ಕಲ್ಪಿಸಿಕೊಂಡ ನೋವೆಂದು ಅರ್ಥವಲ್ಲ. ಒತ್ತಿದರೆ ನೋಯುವ ಸ್ನಾಯು ಕೆನ್ನೆಯಲ್ಲಿದೆ, ಸವೆದ ಹಲ್ಲು ಬಾಯಿಯಲ್ಲಿದೆ. ಈ ತೊಂದರೆ ಹೆಚ್ಚಾಗಿ ಕಾಣುವುದು ಇಪ್ಪತ್ತರಿಂದ ನಲವತ್ತರ ವಯಸ್ಸಿನ ಆಸುಪಾಸಿನ ಹೆಂಗಸರಲ್ಲಿ. ‘ಎಲ್ಲ ಮನಸ್ಸಿನದು’ ಎಂಬ ಉತ್ತರ ಪಡೆದು ಮನೆಗೆ ಮರಳುವವರೂ ಹೆಚ್ಚಾಗಿ ಅವರೇ.

ವೈದ್ಯಲೋಕವೂ ಈ ವಿಷಯದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕಿವಿ ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್, ಹಿಂದಿನ ಹಲ್ಲುಗಳು ಬಿದ್ದು ದವಡೆ ತಗ್ಗಿ ಕೀಲಿನ ಮೇಲೆ ಭಾರ ಬೀಳುವುದರಿಂದ ಕಿವಿ ಮತ್ತು ದವಡೆಯ ತೊಂದರೆ ಬರುತ್ತದೆ ಎಂದರು. ಅಲ್ಲಿಂದ ದಶಕಗಳ ಕಾಲ ಹಲ್ಲುಗಳ ಕೂಡುವಿಕೆಯೇ ಅಪರಾಧಿಯಾಯಿತು, ಎಷ್ಟೋ ಒಳ್ಳೆಯ ಹಲ್ಲುಗಳನ್ನು ಉಜ್ಜಿ ‘ಸರಿ’ ಮಾಡಿದರು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಅದನ್ನು ತಿರುಗಿಸಿ, ಒತ್ತಡದಿಂದ ಹುಟ್ಟಿದ ಅಭ್ಯಾಸಗಳು ಸ್ನಾಯುವನ್ನು ದಣಿಸುವುದೇ ಮೂಲ ಎಂದು ವಾದಿಸಿದರು. ಈಗಿನ ತಿಳಿವಳಿಕೆ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. 2014ರಲ್ಲಿ ಬಂದ ಅಂತರರಾಷ್ಟ್ರೀಯ ರೋಗನಿರ್ಣಯ ಪದ್ಧತಿಯಲ್ಲಿ ಎರಡು ಪಟ್ಟಿಗಳಿವೆ. ಒಂದರಲ್ಲಿ ಕೀಲು, ಸ್ನಾಯುಗಳ ಪರೀಕ್ಷೆ, ಇನ್ನೊಂದರಲ್ಲಿ ಆತಂಕ, ಖಿನ್ನತೆ, ದಿನನಿತ್ಯದ ಬದುಕಿಗೆ ಆಗುತ್ತಿರುವ ಅಡ್ಡಿ. ಎರಡೂ ತುಂಬಿದ ಮೇಲೆಯೇ ಚಿತ್ರ ಪೂರ್ಣ.

ಒತ್ತಡ ಮೊದಲೋ ನೋವು ಮೊದಲೋ ಎಂಬ ಪ್ರಶ್ನೆಗೂ ಸ್ವಲ್ಪಮಟ್ಟಿಗೆ ಉತ್ತರ ಸಿಕ್ಕಿದೆ. ಅಮೆರಿಕದಲ್ಲಿ ನಡೆದ ಒಪೆರಾ ಎಂಬ ದೊಡ್ಡ ಅಧ್ಯಯನದಲ್ಲಿ ದವಡೆ ನೋವಿಲ್ಲದ ಸಾವಿರಾರು ಜನರನ್ನು ಆರಿಸಿ ವರ್ಷಗಟ್ಟಲೆ ಹಿಂಬಾಲಿಸಿದರು. ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ತೊಂದರೆ ಹೊಸದಾಗಿ ಶುರುವಾಯಿತು. ಆರಂಭದಲ್ಲೇ ಒತ್ತಡ ಹೆಚ್ಚಿದ್ದವರಿಗೆ, ನಿದ್ದೆ ಸರಿಯಿಲ್ಲದವರಿಗೆ, ತಲೆನೋವು ಬೆನ್ನುನೋವಿನಂಥ ಬೇರೆ ನೋವುಗಳಿದ್ದವರಿಗೆ ಅದು ಬರುವ ಸಂಭವ ಹೆಚ್ಚಿತ್ತು. ಹಾಗೆಂದು ಒತ್ತಡವಿರುವ ಎಲ್ಲರಿಗೂ ಬರುವುದಿಲ್ಲ. ನನ್ನ ನೆರೆಯವನಿಗೆ ನನಗಿಂತ ದೊಡ್ಡ ಸಾಲವಿದೆ, ಅವನು ಕೋಡುಬಳೆಯನ್ನು ಕಟಕಟನೆ ಅಗಿಯುತ್ತಾನೆ.

ಒತ್ತಡದ ತಲೆಗೆ ಎಲ್ಲವನ್ನೂ ಕಟ್ಟುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ನಡೆದಾಗ, ಏರು ಹತ್ತಿದಾಗ ದವಡೆ ನೋಯ್ದು, ನಿಂತರೆ ಕಡಿಮೆಯಾದರೆ ಅದು ಹೃದಯದ ನೋವಿರಬಹುದು. ಬೆವರು, ಏದುಸಿರು, ಎದೆ ಹಿಡಿದಂತಾಗುವುದು ಸೇರಿದರೆ ಒಡನೆ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಲ್ಲಿ ಅಗಿಯುತ್ತ ಹೋದಂತೆ ದವಡೆ ಸೋತು, ಹೊಸದಾಗಿ ತಲೆನೋವು ಬಂದು, ಕಣ್ಣು ಮಂಜಾದರೆ ಅದು ರಕ್ತನಾಳದ ಉರಿಯೂತವಿರಬಹುದು, ತಡ ಮಾಡಿದರೆ ದೃಷ್ಟಿಯೇ ಹೋಗಬಹುದು. ಮುಖ ತೊಳೆಯುವಾಗ, ಗಾಳಿ ಸೋಕಿದಾಗ ಕರೆಂಟ್ ಹೊಡೆದಂತೆ ಕ್ಷಣಕಾಲ ಬರುವ ನೋವು ನರದ್ದು. ಜ್ವರ, ಊತ ಇದ್ದರೆ ಸೋಂಕು.

ಇನ್ನೊಂದನ್ನು ನಮ್ಮ ಸೀಮೆಯವರು ವಿಶೇಷವಾಗಿ ನೋಡಬೇಕು. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಜೋಡಿಸಿ, ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಹಿಡಿಸುತ್ತವೆಯೇ ನೋಡಿ. ಹಿಡಿಸಬೇಕು. ದವಡೆಯ ಸ್ನಾಯು ಬಿಗಿದವರಿಗೂ ಹಿಡಿಸದೆ ಹೋಗಬಹುದು. ಆದರೆ ಅಡಿಕೆ, ಗುಟ್ಕಾ ಜಗಿಯುವ ಅಭ್ಯಾಸವಿದ್ದು, ಖಾರ ತಿಂದರೆ ಬಾಯಿ ಉರಿದು, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಅದು ಬೇರೆಯೇ ರೋಗ. ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟಿ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದೇ ಪಟ್ಟಿ ಮಾಡಿದೆ. ನನ್ನ ತೋಟದ ಬದಿಯಲ್ಲೂ ನಲವತ್ತು ಅಡಿಕೆ ಮರಗಳಿವೆ. ಬರೆಯಲು ಕೈ ಹಿಂಜರಿಯಿತು, ಆದರೂ ಬರೆದೆ.

ಇವೊಂದೂ ಅಲ್ಲ, ಸ್ನಾಯುವಿನ ನೋವೇ ಎಂದು ಖಚಿತವಾದರೆ ಒಳ್ಳೆಯ ಸುದ್ದಿಯಿದೆ: ಬಹುಪಾಲು ಜನರಿಗೆ ಇದು ಸರಳ ಉಪಾಯಗಳಿಂದಲೇ ತಗ್ಗುತ್ತದೆ. ನನ್ನ ವೈದ್ಯೆ ಕೊಟ್ಟ ಮೊದಲ ಔಷಧಿ ಕೆಂಪು ಬಣ್ಣದ ಅಂಟುಚುಕ್ಕಿಗಳ ಒಂದು ಹಾಳೆ. ಮೊಬೈಲಿನ ಹಿಂದೆ, ಜೀಪಿನ ಸ್ಟೀರಿಂಗಿನ ಮೇಲೆ, ಕಣದ ಮನೆಯ ಬಾಗಿಲಿಗೆ, ಲೆಕ್ಕದ ಪುಸ್ತಕದ ರಟ್ಟಿಗೆ ಒಂದೊಂದು ಅಂಟಿಸಿದೆ. ಚುಕ್ಕಿ ಕಂಡಾಗಲೆಲ್ಲ ಮಾಡಬೇಕಾದದ್ದು ಇಷ್ಟೇ: ಹಲ್ಲು ಕೂಡಿದೆಯೇ ಎಂದು ನೋಡಿಕೊಳ್ಳುವುದು, ಕೂಡಿದ್ದರೆ ಉಸಿರು ಹೊರಬಿಟ್ಟು ದವಡೆಯನ್ನು ಸಡಿಲಿಸುವುದು, ನಾಲಗೆಯನ್ನು ಅಂಗುಳಿಗೆ ತರುವುದು. ಮೊದಲ ದಿನ ಎಣಿಸಿದೆ, ಮೂವತ್ತೊಂದು ಸಲ ನೋಡಿಕೊಂಡಿದ್ದರಲ್ಲಿ ಇಪ್ಪತ್ತಾರು ಸಲ ಹಲ್ಲು ಕೂಡಿತ್ತು. ಲೆಕ್ಕದ ಪುಸ್ತಕದ ಚುಕ್ಕಿ ಒಮ್ಮೆಯೂ ತಪ್ಪಲಿಲ್ಲ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಹತ್ತು ಹದಿನೈದು ನಿಮಿಷ ಇಡುವುದು, ಆಕಳಿಸುವಾಗ ಗಲ್ಲಕ್ಕೆ ಕೈ ಕೊಟ್ಟು ಬಾಯಿ ಪೂರ್ತಿ ತೆರೆಯದಂತೆ ತಡೆಯುವುದು, ಕೆಲವು ವಾರ ಮೆತ್ತಗಿನ ಊಟ ಇವೆಲ್ಲ ಜೊತೆಗೆ. ಊಟದ ವಿಷಯದಲ್ಲಿ ಹಾಸನ ಜಿಲ್ಲೆಯವರು ಪುಣ್ಯವಂತರು. ಅಗಿಯದೆ ನುಂಗುವ ರಾಗಿಮುದ್ದೆಗಿಂತ ದವಡೆಗೆ ಹಿತವಾದ ಊಟವನ್ನು ಯಾವ ವೈದ್ಯರೂ ಬರೆದುಕೊಡಲಾರರು. ಕಡುಬೂ ಸರಿ. ಗರಿಗರಿ ಅಕ್ಕಿರೊಟ್ಟಿ, ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್ ಸ್ವಲ್ಪ ದಿನ ದೂರವಿರಲಿ.

2023ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಮಾರ್ಗಸೂಚಿ, ಬಹುಕಾಲ ಉಳಿದ ದವಡೆ ನೋವಿಗೆ ಯಾವ ಚಿಕಿತ್ಸೆ ಎಷ್ಟು ಫಲ ಕೊಡುತ್ತದೆಂದು ತೂಗಿ ನೋಡಿದೆ. ಮುಂದಿನ ಸಾಲಿನಲ್ಲಿ ನಿಂತವು ದವಡೆಯ ವ್ಯಾಯಾಮ, ಫಿಸಿಯೊಥೆರಪಿ ಮತ್ತು ಸಿಬಿಟಿ ಎಂದು ಕರೆಯುವ ಮಾತಿನ ಚಿಕಿತ್ಸೆ. ನೋವು ಬಂದಾಗ ಮನಸ್ಸು ಎಲ್ಲಿಗೆ ಓಡುತ್ತದೆ, ಆ ಓಟ ಮೈಯನ್ನು ಹೇಗೆ ಬಿಗಿಯುತ್ತದೆ ಎಂದು ಗುರುತಿಸಲು ಕಲಿಸುವ ಚಿಕಿತ್ಸೆ ಅದು. ರಾತ್ರಿ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚಕ್ಕೆ ಸಿಕ್ಕಿದ ಅಂಕ ಕಡಿಮೆ. ಅದು ಹಲ್ಲು ಸವೆಯದಂತೆ ಕಾಯುತ್ತದೆ. ನೋವನ್ನು ಅದೊಂದೇ ಗುಣಪಡಿಸುತ್ತದೆಂದು ನಂಬಿ ಹಣ ಸುರಿಯಬೇಕಿಲ್ಲ. ಹಲ್ಲನ್ನು ಉಜ್ಜಿ ಕಚ್ಚುವಿಕೆಯನ್ನೇ ಬದಲಿಸುತ್ತೇವೆ ಎನ್ನುವವರ ಬಳಿ ಮಾತ್ರ ಎರಡು ಸಲ ಯೋಚಿಸಿ, ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಮಾತಿನ ಚಿಕಿತ್ಸೆ ಎಂದರೆ ನಮ್ಮಲ್ಲಿ ಇನ್ನೂ ಮುಜುಗರ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಹಣವಿಲ್ಲದೆ ಆಪ್ತಸಲಹೆ ಸಿಗುತ್ತದೆ. ನಾನು ಮೂರು ಸಲ ಸಂಖ್ಯೆ ಒತ್ತಿ ಕಡಿತಗೊಳಿಸಿ ನಾಲ್ಕನೆಯ ಸಲ ಮಾತಾಡಿದೆ. ಸಾಲದ ಬಗ್ಗೆಯೇ ಅರ್ಧ ಗಂಟೆ ಹೇಳಿಕೊಂಡೆ. ದವಡೆಯ ಹೆಸರನ್ನೇ ಎತ್ತಲಿಲ್ಲವೆಂಬುದು ಫೋನ್ ಇಟ್ಟ ಮೇಲೆ ನೆನಪಾಯಿತು.

ನೋವು ತಗ್ಗಲು ಎರಡೂವರೆ ತಿಂಗಳು ಹಿಡಿಯಿತು. ಹೂಮಳೆ ಬಂದು ಗಿಡಗಳೆಲ್ಲ ಬೆಳ್ಳಗಾದ ವಾರ ಎಷ್ಟೋ ದಿನಗಳ ಮೇಲೆ ಚಕ್ಕುಲಿ ತಿಂದೆ. ಕೊಯ್ಲಿನ ಕಾಲದಲ್ಲಿ ಈಗಲೂ ಒಮ್ಮೊಮ್ಮೆ ಕೆನ್ನೆ ಬಿಗಿಯುತ್ತದೆ.

ಹೋದ ತಿಂಗಳು ರಾತ್ರಿ ಒಂಬತ್ತೂವರೆಗೆ ಗುಂಪಿನಲ್ಲಿ ಸಂದೇಶ ಬಂತು, ಒಂಟಿ ಸಲಗ ಕೆರೆ ಏರಿ ದಾಟಿ ನಮ್ಮ ತೋಟದ ಕಡೆಗೆ ಹೊರಟಿದೆ ಎಂದು. ಮೊಬೈಲಿನ ಹಿಂದಿನ ಚುಕ್ಕಿ ಬೆರಳಿಗೆ ತಾಗಿತು. ಹಲ್ಲುಗಳು ಕಚ್ಚಿಕೊಂಡೇ ಇದ್ದವು. ಉಸಿರು ಬಿಟ್ಟು ದವಡೆಯನ್ನು ಸಡಿಲಿಸಿದೆ. ಹೊರಗೆ ಬಾಳೆಗಿಡ ಮುರಿಯುವ ಸದ್ದು ಕೇಳಿಸಿತು.